ಮೊಳ ಯಾರ ಕೈಯದು?

(ಕಾಲೇಜೊಂದರ ಇತಿಹಾಸ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಸಂತೆಯಲ್ಲಿ ಹೂವು ಕೊಳ್ಳುವಾಗ ನೀವು ಗಮನಿಸಿರಬಹುದು. ಹೂವಾಡಗಿತ್ತಿ ಮೊಳ ಹಾಕುವುದು ತನ್ನ ಕೈಯಲ್ಲಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಕೈ ಗಿಡ್ಡ ಇದ್ದರೆ ಮೊಳವೂ ಗಿಡ್ಡ. ನಮ್ಮಮ್ಮ ಸಂತೆಯಿಡೀ ಸುತ್ತಿ, ಉದ್ದ ಕೈಯವರನ್ನು ಹುಡುಕಿ ಅವರ ಹತ್ತಿರವೇ ಹೂವು ತರುತ್ತಿದ್ದರು.

ಇವತ್ತಿನ ಮಾತನ್ನು ಇಲ್ಲಿಂದಲೇ ಶುರು ಮಾಡುತ್ತೇನೆ. ಒಂದು ನಾಗರಿಕತೆ ಮುಂದುವರಿದದ್ದು, ಇನ್ನೊಂದು ಹಿಂದುಳಿದದ್ದು ಎಂದು ನಾವು ಬಹಳ ಸಲೀಸಾಗಿ ಹೇಳುತ್ತೇವೆ. ಹಾಗೆ ಹೇಳುವಾಗ ಮೊಳ ಹಾಕುವ ಕೈ ಯಾರದು?

ಮೊದಲು ಈ ಪದಗಳನ್ನೇ ಸ್ವಲ್ಪ ನೋಡೋಣ. ಮುಂದುವರಿದ. ಹಿಂದುಳಿದ. ಎರಡೂ ನಡಿಗೆಯ ಪದಗಳು. ಒಬ್ಬ ಮುಂದೆ ಹೋದ, ಇನ್ನೊಬ್ಬ ಹಿಂದೆ ಉಳಿದ. ಅಂದರೆ ಇರುವುದು ಒಂದೇ ದಾರಿ, ಎಲ್ಲರೂ ಹೋಗಬೇಕಾದದ್ದು ಒಂದೇ ಊರಿಗೆ ಅಂತ ಪದವೇ ಹೇಳಿಬಿಡುತ್ತದೆ. ಯೋಚನೆ ಮಾಡುವ ಮೊದಲೇ ನಾವು ಅದನ್ನು ಒಪ್ಪಿಕೊಂಡಿರುತ್ತೇವೆ. ನಾಗರಿಕತೆ ಅನ್ನುವ ಪದದೊಳಗೆ ನಗರ ಕೂತಿದೆ. ನಗರ ಕಟ್ಟಿದವರು ನಾಗರಿಕರು. ಹಾಗಾದರೆ ಹಳ್ಳಿಯವರು, ಕಾಡಿನವರು, ದನ ಮೇಯಿಸುತ್ತಾ ಊರೂರು ಅಲೆಯುವವರು? ಅವರಿಗೆ ಆ ಪದದೊಳಗೆ ಜಾಗವೇ ಇಲ್ಲ.

1877ರಲ್ಲಿ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಿದ್ವಾಂಸ ಈ ಒಂದೇ ದಾರಿಗೆ ಮೆಟ್ಟಿಲು ಕಟ್ಟಿಕೊಟ್ಟ. ಕೆಳಗೆ ಕಾಡುತನ. ನಡುವೆ ಅರೆ ನಾಗರಿಕತೆ. ಮೇಲೆ ನಾಗರಿಕತೆ. ಕೆಳಗಿನ ಎರಡರಲ್ಲೂ ಮತ್ತೆ ಮೂರು ಮೂರು ಒಳಮೆಟ್ಟಿಲು. ಮಡಕೆ ಮಾಡಿದರೆ ಒಂದು ಮೆಟ್ಟಿಲು ಮೇಲೆ. ಕಬ್ಬಿಣ ಕರಗಿಸಿದರೆ ಇನ್ನೊಂದು. ಅಕ್ಷರ ಕಂಡುಕೊಂಡರೆ ನಾಗರಿಕತೆಯ ಬಾಗಿಲೊಳಗೆ ಪ್ರವೇಶ. ಮಾರ್ಗನ್ ಕೆಟ್ಟ ಮನುಷ್ಯನಲ್ಲ. ಅಮೆರಿಕದ ಮೂಲನಿವಾಸಿಗಳ ಜೊತೆ ಒಡನಾಡಿ, ಅವರ ಪರವಾಗಿ ಮಾತಾಡಿದವನು. ಆದರೂ ಅವನು ಹಿಡಿದ ಮೊಳ ಯುರೋಪಿನ ಕೈಯದು. ಯುರೋಪಿನಲ್ಲಿ ಯಾವುದರ ನಂತರ ಯಾವುದು ಬಂತೋ ಅದೇ ಎಲ್ಲರ ಮೆಟ್ಟಿಲು ಅಂದುಕೊಂಡ.

ಆ ಮೊಳ ಹಿಡಿದು ಒಂದು ನಾಡನ್ನು ಅಳೆದು ನೋಡೋಣ.

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ ಆಂಡಿಸ್ ಪರ್ವತಗಳ ಸಾಲು ಇದೆ. ಅಲ್ಲಿ 15ನೇ ಶತಮಾನದಲ್ಲಿ ಇಂಕಾ ಜನ ಒಂದು ಸಾಮ್ರಾಜ್ಯ ಕಟ್ಟಿದರು. ಅವರ ಭಾಷೆಯಲ್ಲಿ ಅದರ ಹೆಸರು ತವಾಂತಿನ್‌ಸುಯು. ನಾಲ್ಕು ಸೀಮೆ ಕೂಡಿದ ನಾಡು ಅಂತ ಅರ್ಥ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 4,000 ಕಿಲೋಮೀಟರ್. ನಮ್ಮ ಕಾಶ್ಮೀರದಿಂದ ಕನ್ಯಾಕುಮಾರಿಗಿಂತ ಉದ್ದ. ಅದರಲ್ಲಿ ಸುಮಾರು 1 ಕೋಟಿ ಜನ ಇದ್ದರು ಎಂದು ಅಂದಾಜು.

ಇವರ ಹತ್ತಿರ ಏನೇನು ಇರಲಿಲ್ಲ ಕೇಳಿ. ಗಾಡಿ ಇರಲಿಲ್ಲ. ಕುದುರೆ ಇರಲಿಲ್ಲ. ಎತ್ತು ಇರಲಿಲ್ಲ. ಕಬ್ಬಿಣ ಇರಲಿಲ್ಲ. ನಾವು ಬರಹ ಎಂದು ಕರೆಯುವಂಥ ಲಿಪಿ ಇರಲಿಲ್ಲ. ಮಾರ್ಗನ್ ಮೆಟ್ಟಿಲಿನಲ್ಲಿ ಇವರಿಗೆ ಸಿಕ್ಕಿದ್ದು ಅರೆ ನಾಗರಿಕತೆಯ ನಡುವಿನ ಮೆಟ್ಟಿಲು.

ಈಗ ಒಂದು ಕ್ಷಣ ನಮ್ಮ ಹಾವೇರಿ ಜಿಲ್ಲೆಗೆ ಬನ್ನಿ. ತುಂಗಭದ್ರೆಯ ದಡದಲ್ಲಿ ಹಳ್ಳೂರು ಅಂತ ಒಂದು ಊರು. ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ಮಾಡಿದಾಗ ಕಬ್ಬಿಣದ ವಸ್ತುಗಳು ಸಿಕ್ಕವು. ಕ್ರಿಸ್ತಪೂರ್ವ 1000ದ ಆಸುಪಾಸಿನವು. ಮಾರ್ಗನ್ ಲೆಕ್ಕ ಹಿಡಿದರೆ, ಮೂರು ಸಾವಿರ ವರ್ಷ ಹಿಂದಿನ ಹಳ್ಳೂರಿನ ಆ ಪುಟ್ಟ ಹಳ್ಳಿ, ಒಂದು ಕೋಟಿ ಜನರ ಇಂಕಾ ಸಾಮ್ರಾಜ್ಯಕ್ಕಿಂತ ಮೇಲಿನ ಮೆಟ್ಟಿಲಲ್ಲಿದೆ! ನಮ್ಮೂರು ಅಂತ ನನಗೂ ಖುಷಿಯೇ. ಆದರೆ ಈ ಅಳತೆ ಸರಿ ಅನಿಸುತ್ತಾ? ಎಲ್ಲೋ ಏನೋ ತಪ್ಪಿದೆ ಅಲ್ವಾ?

ಒಂದೊಂದಾಗಿ ನೋಡೋಣ. ಮೊದಲು ಗಾಲಿ.

ಗಾಲಿ ಇಲ್ಲ ಅಂದ ಕೂಡಲೇ ನಮಗೆ ಅಯ್ಯೋ ಪಾಪ ಅನಿಸುತ್ತದೆ. ಅಷ್ಟು ಸರಳವಾದದ್ದೂ ಹೊಳೆಯಲಿಲ್ಲವಲ್ಲ ಅಂತ. ಆದರೆ ಗಾಡಿಗೆ ಬೇಕಾದದ್ದು ಗಾಲಿ ಒಂದೇ ಅಲ್ಲ. ಎಳೆಯುವ ಪ್ರಾಣಿ ಬೇಕು. ಆಂಡಿಸ್‌ನಲ್ಲಿ ಇದ್ದದ್ದು ಲಾಮಾ. ಅದು 25-30 ಕಿಲೋ ಹೊರುತ್ತದೆ, ಗಾಡಿ ಎಳೆಯುವಷ್ಟು ಕಸುವು ಅದಕ್ಕಿಲ್ಲ. ಸಪಾಟು ನೆಲವೂ ಬೇಕು. ಅಲ್ಲಿ ದಾರಿ ಅಂದರೆ ಕಡಿದಾದ ಬೆಟ್ಟದ ಮೆಟ್ಟಿಲು. ಮೆಟ್ಟಿಲ ಮೇಲೆ ಗಾಡಿ ತಗೊಂಡು ಏನು ಮಾಡುವುದು? ಮೆಕ್ಸಿಕೋದಲ್ಲಿ ಹಳೆಯ ಮಣ್ಣಿನ ಬೊಂಬೆಗಳು ಸಿಕ್ಕಿವೆ. ಚಿಕ್ಕ ಚಿಕ್ಕ ಪ್ರಾಣಿಗಳು, ಕಾಲಿಗೆ ಗಾಲಿ. ಅಂದರೆ ಆ ಖಂಡದಲ್ಲಿ ಗಾಲಿಯ ಯೋಚನೆ ಬಂದಿತ್ತು. ಹೂಡುವುದಕ್ಕೆ ಎತ್ತು ಇರಲಿಲ್ಲ, ಅಷ್ಟೆ.

ಗಾಲಿ ಇಲ್ಲದೆ ಅವರು ಮಾಡಿದ್ದೇನು? ಸುಮಾರು 30,000 ಕಿಲೋಮೀಟರ್ ದಾರಿ. ಅದರ ಹೆಸರು ಖಾಪಾಕ್ ನ್ಯಾನ್. ಇವತ್ತು ಅದು ಆರು ದೇಶಗಳಲ್ಲಿ ಹರಡಿದೆ. 2014ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಮರುಭೂಮಿ, ಹಿಮದ ಬೆಟ್ಟ, ಕಾಡು, ಎಲ್ಲವನ್ನೂ ದಾಟುವ ದಾರಿ. ಕಣಿವೆ ಬಂದಲ್ಲಿ ಹುಲ್ಲಿನ ಹಗ್ಗದ ತೂಗುಸೇತುವೆ. ದಾರಿಯುದ್ದಕ್ಕೂ ಚಸ್ಕಿ ಅನ್ನುವ ಓಟಗಾರರು ಕಾದಿರುತ್ತಿದ್ದರು. ಒಬ್ಬ ಓಡಿ ಬಂದು ಸುದ್ದಿ ಹೇಳಿದರೆ ಮುಂದಿನವನು ಅಲ್ಲಿಂದ ಓಡುತ್ತಾನೆ. ಹೀಗೆ ದಿನಕ್ಕೆ 240 ಕಿಲೋಮೀಟರ್‌ನಷ್ಟು ದೂರ ಸುದ್ದಿ ಹೋಗುತ್ತಿತ್ತು ಎಂದು ಅಂದಾಜು ಮಾಡುತ್ತಾರೆ. ಬೆಂಗಳೂರಿನಲ್ಲಿ ಬೆಳಗ್ಗೆ ಹೇಳಿದ ಮಾತು ಮರುದಿನ ಬೆಳಗಿನ ಹೊತ್ತಿಗೆ ದಾವಣಗೆರೆ ಹತ್ತಿರ. ಬರೀ ಕಾಲ ಮೇಲೆ.

ಇನ್ನು ಕಬ್ಬಿಣ. ಕುಸ್ಕೊ ಅವರ ರಾಜಧಾನಿ. ಅದರ ಮೇಲಿನ ಗುಡ್ಡದಲ್ಲಿ ಸಾಕ್ಸಾಯ್‌ವಮಾನ್ ಕೋಟೆ ಇದೆ. ಅಲ್ಲಿಯ ಕೆಲವು ಕಲ್ಲುಗಳು 100 ಟನ್ನಿಗಿಂತ ಜಾಸ್ತಿ ತೂಗುತ್ತವೆ. ಕಲ್ಲನ್ನು ಕಲ್ಲಿನಿಂದಲೇ ಕುಟ್ಟಿ ಕುಟ್ಟಿ ಒಂದಕ್ಕೊಂದು ಹೊಂದಿಸಿದ್ದಾರೆ. ನಡುವೆ ಗಾರೆ ಇಲ್ಲ. ಕುಸ್ಕೊ ಊರೊಳಗೆ ಕೊರಿಕಾಂಚಾ ಅನ್ನುವ ಸೂರ್ಯನ ಗುಡಿ ಇತ್ತು. ಆಮೇಲೆ ಆ ನಾಡನ್ನು ಗೆದ್ದ ಸ್ಪೇನಿನವರು ಅದನ್ನು ಕೆಡವಿ, ಅದರ ಗೋಡೆಗಳ ಮೇಲೆ ತಮ್ಮ ಕ್ರೈಸ್ತ ಮಠ ಕಟ್ಟಿದರು. 1950ರಲ್ಲಿ ದೊಡ್ಡ ಭೂಕಂಪ ಆಯಿತು. ಮೇಲಿನ ಮಠ ಬಹಳಷ್ಟು ಕುಸಿಯಿತು. ಕೆಳಗಿನ ಇಂಕಾ ಗೋಡೆಗಳು ಹಾಗೆಯೇ ನಿಂತವು. ಕುಸಿದ ಕಟ್ಟಡದ ಮರೆಯಲ್ಲಿದ್ದ ಇನ್ನಷ್ಟು ಇಂಕಾ ಗೋಡೆ ಹೊರಗೆ ಕಂಡಿತು. ಭೂಮಿ ಆಗಾಗ ನಡುಗುವ ನಾಡು ಅದು. ಗೋಡೆಯನ್ನು ಒಳಕ್ಕೆ ವಾಲಿಸಿ ಕಟ್ಟಬೇಕು, ಬಾಗಿಲನ್ನು ಕೆಳಗೆ ಅಗಲ ಮೇಲೆ ಕಿರಿದು ಮಾಡಬೇಕು ಅನ್ನುವುದು ಆ ಜನಕ್ಕೆ ಗೊತ್ತಿತ್ತು. ಗೆದ್ದು ಬಂದವರಿಗೆ ಗೊತ್ತಿರಲಿಲ್ಲ.

ಬರಹದ ವಿಷಯಕ್ಕೆ ಬರುತ್ತೇನೆ. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಹಾಲಿನ ಲೆಕ್ಕವೆಲ್ಲ ಅಡುಗೆಮನೆ ಗೋಡೆಯ ಮೇಲೆ. ಇದ್ದಿಲಿನಲ್ಲಿ ಗೆರೆ. ಉದ್ದ ಗೆರೆ ಒಂದು ಸೇರು, ಗಿಡ್ಡ ಗೆರೆ ಅರ್ಧ ಸೇರು. ಯಾರಿಗೆ ಎಷ್ಟು ಕೊಟ್ಟದ್ದು ಅನ್ನುವುದು ಗೆರೆ ಎಲ್ಲಿದೆ ಅನ್ನುವುದರಲ್ಲೇ ಗೊತ್ತಾಗುತ್ತಿತ್ತು. ಮರೆಯಬಾರದ ಕೆಲಸ ಇದ್ದರೆ ಸೆರಗಿನ ತುದಿಗೆ ಒಂದು ಗಂಟು. ಎರಡು ಕೆಲಸ ಇದ್ದರೆ ಎರಡು ಗಂಟು. ಶಾಲೆಯಲ್ಲಿ ಒಂದು ಸಲ ನಮ್ಮ ಮನೆಯಲ್ಲಿ ಯಾರು ಯಾರಿಗೆ ಅಕ್ಷರ ಬರುತ್ತದೆ ಅಂತ ಕೇಳಿದರು. ಅಜ್ಜಿಗೆ ಬರಲ್ಲ ಅಂದೆ. ತರಗತಿ ನಕ್ಕಿತು. ಆ ನಗು ನನಗೆ ಇನ್ನೂ ನೆನಪಿದೆ. ನಮ್ಮಜ್ಜಿ ಒಂದು ದಿನವೂ ಲೆಕ್ಕ ತಪ್ಪಿದ್ದಿಲ್ಲ.

ಇಂಕಾ ಜನರ ಹತ್ತಿರ ಖಿಪು ಇತ್ತು. ಒಂದು ದಪ್ಪ ದಾರ, ಅದರಿಂದ ಇಳಿಬಿಟ್ಟ ಹತ್ತಾರು, ಕೆಲವು ಸಲ ನೂರಾರು ಎಳೆಗಳು. ಹತ್ತಿಯದ್ದು, ಲಾಮಾ ಮತ್ತು ಅದರದೇ ಜಾತಿಯ ಅಲ್ಪಾಕಾದ ತುಪ್ಪಟದ್ದು. ಬೇರೆ ಬೇರೆ ಬಣ್ಣ. ಎಳೆಗಳ ಮೇಲೆ ಗಂಟುಗಳು. 1912ರಲ್ಲಿ ಲೆಲ್ಯಾಂಡ್ ಲಾಕ್ ಎಂಬ ಅಮೆರಿಕದ ವಿದ್ವಾಂಸ ಆ ಗಂಟುಗಳು ಸಂಖ್ಯೆಗಳು ಎಂದು ತೋರಿಸಿಕೊಟ್ಟ. ಎಳೆಯ ತುದಿ ಕಡೆ ಬಿಡಿ. ಅದರ ಮೇಲೆ ಹತ್ತು. ಇನ್ನೂ ಮೇಲೆ ನೂರು. ಗಂಟು ಹಾಕದೆ ಬಿಟ್ಟ ಜಾಗ ಸೊನ್ನೆ. ನಾವು ಒಂದನೇ ತರಗತಿಯಲ್ಲಿ ಕಲಿತ ಬಿಡಿ, ಹತ್ತು, ನೂರರ ಸ್ಥಾನಬೆಲೆಯೇ ಅದು. ನಾವು ಪಾಟಿಯ ಮೇಲೆ ಬರೆದೆವು, ಅವರು ದಾರದಲ್ಲಿ ಕಟ್ಟಿದರು. ಯಾವ ಊರಿನಲ್ಲಿ ಎಷ್ಟು ಮನೆ, ಯಾವ ಉಗ್ರಾಣದಲ್ಲಿ ಎಷ್ಟು ಮೆಕ್ಕೆಜೋಳ, ಯಾರು ಎಷ್ಟು ದಿನ ಬಿಟ್ಟಿ ದುಡಿಯಬೇಕು, ಎಲ್ಲವೂ ದಾರದಲ್ಲಿ. ಓಟಗಾರ ಹೆಗಲಿಗೆ ಹಾಕಿಕೊಂಡು ಓಡಬಹುದು. ಮಳೆಗೆ ಅಳಿಸುವುದಿಲ್ಲ. ಕೈ ಜಾರಿ ಬಿದ್ದರೆ ಒಡೆಯುವುದಿಲ್ಲ.

ಗೆದ್ದ ಮೇಲೂ ಸ್ಪೇನಿನ ನ್ಯಾಯಾಲಯಗಳು ಖಿಪು ಓದಿ ಹೇಳಿದ ಲೆಕ್ಕವನ್ನು ಸಾಕ್ಷಿ ಎಂದು ಒಪ್ಪಿಕೊಂಡದ್ದುಂಟು. ಊರಿನವರು ಯಾವ ಯಾವ ದಿನ ಎಷ್ಟು ಧಾನ್ಯ, ಎಷ್ಟು ಲಾಮಾ ಕೊಟ್ಟೆವು ಎಂದು ಗಂಟು ಮುಟ್ಟಿ ಮುಟ್ಟಿ ಹೇಳುತ್ತಿದ್ದರು. ಗುಮಾಸ್ತ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ 1583ರಲ್ಲಿ ಪೆರುವಿನ ಲೀಮಾದಲ್ಲಿ ಸೇರಿದ ಪಾದ್ರಿಗಳ ಸಭೆ, ಹಳೆಯ ಪೂಜೆ ಪದ್ಧತಿಗೆ ಸೇರಿದ ಖಿಪುಗಳನ್ನು ನಾಶ ಮಾಡಿ ಎಂದು ಹೇಳಿತು. ಇವತ್ತು ಉಳಿದಿರುವುದು ಸಾವಿರ ಚಿಲ್ಲರೆ. ಅವುಗಳಲ್ಲಿ ಎಲ್ಲವೂ ಲೆಕ್ಕದ ಜಾಡಿಗೆ ಕೂರುವುದಿಲ್ಲ. ಕೆಲವು ಕಥೆಯೋ, ವಂಶಾವಳಿಯೋ, ಹಾಡೋ ಇರಬಹುದು ಎಂದು ವಿದ್ವಾಂಸರು ಇನ್ನೂ ಬಗೆಹರಿಸುತ್ತಿದ್ದಾರೆ.

ಅವರಿಗೆ ಬರಹ ಇರಲಿಲ್ಲ ಅನ್ನುತ್ತೇವೆ. ನಮಗೆ ಅವರ ದಾರ ಓದಲು ಬರುವುದಿಲ್ಲ. ಈ ಎರಡು ಮಾತಿನ ನಡುವೆ ಎಷ್ಟು ದೂರ ಇದೆ ನೋಡಿ.

ಊಟದ ವಿಷಯ ಹೇಳದೆ ಮುಂದೆ ಹೋಗಲಾರೆ. ಆಲೂಗಡ್ಡೆ ಆಂಡಿಸ್‌ನದು. ಅಲ್ಲಿನ ರೈತರು ಸಾವಿರಾರು ವರ್ಷ ಅದನ್ನು ಬೆಳೆಸಿ, ಆರಿಸಿ, ಪಳಗಿಸಿದರು. ಲೀಮಾದಲ್ಲಿ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇದೆ. ಆಂಡಿಸ್‌ನ ನಾಡತಳಿಗಳೇ 4,000ಕ್ಕಿಂತ ಜಾಸ್ತಿ ಎಂದು ಅದರ ಲೆಕ್ಕ. ಆಲೂಗಡ್ಡೆ ಬೇಗ ಕೊಳೆಯುತ್ತದೆ ಅಲ್ವಾ? ಅವರು ರಾತ್ರಿ ಹಿಮಕ್ಕೆ ಹರಡಿ ಹೆಪ್ಪುಗಟ್ಟಿಸುತ್ತಿದ್ದರು. ಬೆಳಗ್ಗೆ ಬಿಸಿಲಿಗೆ ಮೆತ್ತಗಾದಾಗ ಕಾಲಲ್ಲಿ ತುಳಿದು ನೀರು ಹಿಂಡುತ್ತಿದ್ದರು. ಹೀಗೆ ಕೆಲವು ದಿನ ಮಾಡಿದರೆ ಕಲ್ಲಿನಂತೆ ಗಟ್ಟಿಯಾದ, ಹಗುರವಾದ ಚುನ್ಯೋ ಸಿದ್ಧ. ವರ್ಷಗಟ್ಟಲೆ ಇಡಬಹುದು. ಈಗಿನ ಕಾರ್ಖಾನೆಗಳಲ್ಲಿ ಹೆಪ್ಪುಗಟ್ಟಿಸಿ ಒಣಗಿಸುವ ವಿಧಾನದ ಹಿಂದಿರುವುದೂ ಇದೇ ಉಪಾಯ. ಅವರು ಅದಕ್ಕೆ ಬೆಟ್ಟದ ಚಳಿಯನ್ನೂ ಬಿಸಿಲನ್ನೂ ಬಳಸಿದರು. ವಾನುಕೊ ಪಂಪಾ ಎಂಬ ಊರೊಂದರಲ್ಲೇ ಸುಮಾರು 500 ಉಗ್ರಾಣಗಳ ಗುರುತು ಸಿಕ್ಕಿದೆ. ಗುಡ್ಡದ ಇಳಿಜಾರಿನಲ್ಲಿ, ಗಾಳಿ ಆಡುವ ಕಡೆ, ಸಾಲು ಸಾಲಾಗಿ.

ನಮ್ಮ ಮಸಾಲೆ ದೋಸೆಯ ಪಲ್ಯ, ಹಾಸನದ ಹೊಲದ ಆಲೂಗಡ್ಡೆ, ಬಸವನಗುಡಿ ಪರಿಷೆಯ ಕಡಲೆಕಾಯಿ, ಇವೆಲ್ಲ ದಕ್ಷಿಣ ಅಮೆರಿಕದ ರೈತರು ಪಳಗಿಸಿ ಕೊಟ್ಟ ಬೆಳೆಗಳು. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಅದೇ ಕಡಲಾಚೆಯವರು. ನಮ್ಮ ತಟ್ಟೆಯಲ್ಲಿ ದಿನಾ ಅವರು ಇದ್ದಾರೆ. ಅವರನ್ನು ನಾವು ಅರೆ ನಾಗರಿಕರು ಅಂತ ಓದಿದೆವು.

ಹಾಗಾದರೆ ಅಂಥವರು ಸೋತದ್ದು ಹೇಗೆ? 1532ರ ನವೆಂಬರ್ 16ರಂದು ಕಹಮಾರ್ಕಾ ಎಂಬ ಊರಿನಲ್ಲಿ ಸ್ಪೇನಿನ ದಂಡನಾಯಕ ಪಿಸಾರೊನ 168 ಜನ, ಇಂಕಾ ದೊರೆ ಅತಾವಾಲ್ಪಾನನ್ನು ಹಿಡಿದರು. ಅವತ್ತು ಸಾವಿರಾರು ಇಂಕಾ ಜನ ಸತ್ತರು. ಕುದುರೆ, ಉಕ್ಕಿನ ಕತ್ತಿ, ಕೋವಿಗಳು ಕೆಲಸ ಮಾಡಿದ್ದು ನಿಜ. ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅದಕ್ಕೂ ಕೆಲವು ವರ್ಷ ಮೊದಲೇ ಹಳೆಯ ದೊರೆ ವಾಯ್ನಾ ಕಾಪಾಕ್ ಸತ್ತಿದ್ದ. ಯುರೋಪಿನಿಂದ ಬಂದ ಸಿಡುಬು ಅವನನ್ನು ಕೊಂದಿತು ಎಂದು ಬಹಳ ಮಂದಿ ನಂಬುತ್ತಾರೆ. ಮಕ್ಕಳಿಬ್ಬರ ನಡುವೆ ಅಂತರ್ಯುದ್ಧ ಆಗಿ ನಾಡು ಸೋತು ಸೊರಗಿತ್ತು. ಇಂಕಾಗಳ ಆಳ್ವಿಕೆ ಬೇಡವಾಗಿದ್ದ ಕೆಲವು ಬುಡಕಟ್ಟುಗಳು ಸ್ಪೇನಿನವರ ಜೊತೆ ಸೇರಿಕೊಂಡವು. ಅತಾವಾಲ್ಪಾ ಬಿಡುಗಡೆಗೆಂದು ಒಂದು ಕೋಣೆ ತುಂಬ ಚಿನ್ನ ಕೊಡಿಸಿದ. ಅದರಲ್ಲಿದ್ದ ಕುಸುರಿ ಕೆಲಸವನ್ನೆಲ್ಲ ಕರಗಿಸಿ ಗಟ್ಟಿ ಮಾಡಿದರು. 1533ರಲ್ಲಿ ಅವನನ್ನೂ ಕೊಂದರು. ಇಷ್ಟೆಲ್ಲ ಆದ ಮೇಲೆ, ಗೆದ್ದವರು ಮುಂದುವರಿದವರು ಅಂತ ಪುಸ್ತಕದಲ್ಲಿ ಬರೆಯಲಾಯಿತು.

ಇಲ್ಲಿ ನಾನು ಒಂದು ಮಾತು ನೇರವಾಗಿ ಹೇಳಬೇಕು. ಇಂಕಾಗಳನ್ನು ದೇವತೆಗಳನ್ನಾಗಿ ಮಾಡಲು ನಾನು ಬಂದಿಲ್ಲ. 1999ರಲ್ಲಿ ಲುಲ್ಯಾಯ್ಯಾಕೊ ಎಂಬ ಬೆಟ್ಟದ ತುದಿಯಲ್ಲಿ, 6,700 ಮೀಟರ್ ಎತ್ತರದಲ್ಲಿ, ಮೂರು ಮಕ್ಕಳ ದೇಹ ಸಿಕ್ಕಿತು. ಐನೂರು ವರ್ಷ ಚಳಿಯಲ್ಲಿ ಹಾಗೆಯೇ ಉಳಿದಿದ್ದವು. ನಿದ್ದೆ ಮಾಡುತ್ತಿರುವಂತೆ. ದೇವರಿಗೆ ಬಲಿ ಕೊಟ್ಟ ಮಕ್ಕಳು. ಆ ಚಿತ್ರ ನೋಡಿದ ಮೇಲೆ ನನಗೆ ಎಷ್ಟೋ ದಿನ ಅದು ಕಣ್ಣ ಮುಂದಿನಿಂದ ಹೋಗಲಿಲ್ಲ. ಅದ್ಭುತ ದಾರಿ ಕಟ್ಟಿದವರೇ ಈ ಮಕ್ಕಳನ್ನು ಬೆಟ್ಟ ಹತ್ತಿಸಿದರು. ಬಹುಶಃ ಅದೇ ದಾರಿಯಲ್ಲಿ. ಅದೇ ಶತಮಾನಗಳಲ್ಲಿ ಸ್ಪೇನಿನಲ್ಲಿ ಧರ್ಮದ ಹೆಸರಲ್ಲಿ ಮನುಷ್ಯರನ್ನು ಬೆಂಕಿಗೆ ಹಾಕುತ್ತಿದ್ದರು. ಒಂದು ಕ್ರೌರ್ಯ ಇನ್ನೊಂದನ್ನು ತೊಳೆಯುವುದಿಲ್ಲ. ಒಂದು ಸಮಾಜ ಒಂದೇ ಸಲಕ್ಕೆ ಒಂದರಲ್ಲಿ ಬಹಳ ಜಾಣ, ಇನ್ನೊಂದರಲ್ಲಿ ಬಹಳ ಕ್ರೂರ ಆಗಿರಬಹುದು. ಮೆಟ್ಟಿಲಿನ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಒಂದು ಸಮಾಜವನ್ನು ಒಂದೇ ಮೆಟ್ಟಿಲ ಮೇಲೆ ನಿಲ್ಲಿಸಲು ಹೋದರೆ, ಅದರ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.

ಮತ್ತೆ ನಮ್ಮ ಕಡೆ ಬರೋಣ. ಕಲ್ಲಿನ ಯುಗ, ಕಂಚಿನ ಯುಗ, ಕಬ್ಬಿಣದ ಯುಗ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದನ್ನು ಮಾಡಿದ್ದು ಡೆನ್ಮಾರ್ಕಿನ ಕ್ರಿಶ್ಚಿಯನ್ ಥಾಮ್ಸನ್. ಕೋಪನ್‌ಹೇಗನ್ ಸಂಗ್ರಹಾಲಯದ ಹಳೆಯ ವಸ್ತುಗಳನ್ನು ಹೇಗೆ ಜೋಡಿಸಿಡುವುದು ಎಂದು ಯೋಚಿಸಿ, 1836ರಲ್ಲಿ ಅದನ್ನು ಅಚ್ಚು ಹಾಕಿಸಿದ. ಡೆನ್ಮಾರ್ಕಿನ ಮಟ್ಟಿಗೆ ಅದು ಸೊಗಸಾಗಿ ಹೊಂದಿತು. ಕರ್ನಾಟಕಕ್ಕೆ ತಂದಾಗ? ಇಲ್ಲಿ ಕಂಚಿನ ಯುಗ ಅಂತ ಒಂದು ಹುಡುಕಿದರೆ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ಇಲ್ಲಿ ಸ್ವಲ್ಪ ತಾಮ್ರ. ಮಿಕ್ಕಂತೆ ಕಲ್ಲಿನ ಕೊಡಲಿಯಿಂದ ಸೀದಾ ಕಬ್ಬಿಣ. ಆಫ್ರಿಕಾದ ಸಹಾರಾದ ಕೆಳಗಿನ ಬಹಳ ನಾಡುಗಳಲ್ಲೂ ಹೀಗೆಯೇ. ಇವರು ಒಂದು ಮೆಟ್ಟಿಲು ಹಾರಿದರಾ? ನಾನು ಹೇಳುವುದು, ಇಲ್ಲಿ ಆ ಮೆಟ್ಟಿಲೇ ಇರಲಿಲ್ಲ.

ಆ ಕಲ್ಲಿನ ಕೊಡಲಿಯ ಜನ ಬಿಟ್ಟು ಹೋದದ್ದು ಏನು ಗೊತ್ತಾ? ಬೂದಿ ದಿಬ್ಬ. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಹೋದರೆ ಕಾಣುತ್ತವೆ. ಕುಡತಿನಿಯಲ್ಲಿದೆ, ಸುರಪುರದ ಕಡೆ ಬೂದಿಹಾಳದಲ್ಲಿದೆ. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಅಗೆದು ನೋಡಿದಾಗ ಅದು ಸಗಣಿಯ ಬೂದಿ. ನಾಲ್ಕೈದು ಸಾವಿರ ವರ್ಷ ಹಿಂದೆ ದನ ಸಾಕುತ್ತಿದ್ದವರು ಗುಡ್ಡೆ ಹಾಕಿ, ಮತ್ತೆ ಮತ್ತೆ ಸುಟ್ಟ ಸಗಣಿ. ಅರಮನೆ ಇಲ್ಲ, ಶಾಸನ ಇಲ್ಲ, ಸಗಣಿಯ ಬೂದಿ. ಅಳತೆಗೋಲಿನವರಿಗೆ ಇದು ತೀರಾ ಕೆಳಗಿನ ಮೆಟ್ಟಿಲು.

ಆದರೆ ಅದೇ ಕಾಲದ ಜನ ವಾಸವಿದ್ದ ಹಳ್ಳೂರು, ಸಂಗನಕಲ್ಲು ಮೊದಲಾದ ಕಡೆ ಮಣ್ಣನ್ನು ಜರಡಿ ಹಿಡಿದು, ಸುಟ್ಟು ಕರಿಯಾದ ಕಾಳುಗಳನ್ನು ಆರಿಸಿದರು. ಹುರುಳಿ. ಹೆಸರು. ಕೊರಲೆ. ದಕ್ಷಿಣ ಭಾರತದ ಈ ಹೊಲಗಳಲ್ಲಿ ಇಲ್ಲಿನ ಜನ ಇಲ್ಲಿನ ಬೆಳೆಗಳನ್ನು ಪಳಗಿಸಿದ್ದರು. ಮಳೆ ಕೈಕೊಟ್ಟರೂ ಕೈಬಿಡದ ಬೆಳೆಗಳು. ನೀವು ನಾಳೆ ಮನೆಯಲ್ಲಿ ಹುರುಳಿ ಸಾರು ಉಣ್ಣುವಾಗ ಆ ಬೂದಿ ದಿಬ್ಬದವರನ್ನು ಒಂದು ಸಲ ನೆನೆಯಿರಿ. ಅವರ ಕೆಲಸ ಇನ್ನೂ ನಡೆಯುತ್ತಿದೆ. ಕಾಳು ಪ್ರತಿ ವರ್ಷ ಮಣ್ಣಿಗೆ ಹೋಗಿ ಮತ್ತೆ ಹುಟ್ಟುತ್ತದೆ. ಕಲ್ಲಿನ ಹಾಗೆ ಒಂದು ಕಡೆ ನಿಂತು ಪ್ರವಾಸಿಗರಿಗೆ ಕಾಣುವುದಿಲ್ಲ, ಅಷ್ಟೆ. ಮುಂದುವರಿದದ್ದು ಅಂತ ನಾವು ಕರೆಯುವುದರಲ್ಲಿ ಬಹುಪಾಲು, ಕೊಳೆಯದೆ ಉಳಿದದ್ದು. ಮರ, ಹಗ್ಗ, ಬುಟ್ಟಿ, ಹಾಡು, ಔಷಧದ ತಿಳಿವು, ಇವನ್ನೆಲ್ಲ ಗೆದ್ದಲು ಮತ್ತು ಮರೆವು ತಿಂದುಹಾಕುತ್ತವೆ.

ಉಕ್ಕಿನ ಮಾತೂ ಒಂದಿದೆ. ದಕ್ಷಿಣ ಭಾರತದಲ್ಲಿ ಸಣ್ಣ ಮೂಸೆಗಳಲ್ಲಿ ಮಾಡುತ್ತಿದ್ದ ಉಕ್ಕಿಗೆ ಯುರೋಪಿನವರು ವೂಟ್ಸ್ ಅಂದರು. ಆ ಹೆಸರು ನಮ್ಮ ಉಕ್ಕು ಪದದಿಂದಲೇ ಬಂದಿರಬೇಕು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಬಂತು. ಮುಂದೆ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ಅದರ ಗುಟ್ಟು ಹುಡುಕಲು ಕೂತ. ಆ ಉಕ್ಕು ಮಾಡುತ್ತಿದ್ದವರು ಯಾರು? ಕಾಡಂಚಿನಲ್ಲಿ ಇದ್ದಿಲು ಸುಟ್ಟು, ತಿದಿ ಒತ್ತುತ್ತಿದ್ದ ಬಡವರು. ನಮ್ಮ ಊರುಗಳಲ್ಲಿ ಅವರಿಗೆ ಜಗುಲಿ ಮೇಲೆ ಜಾಗ ಸಿಗುವುದೂ ಕಷ್ಟ ಇತ್ತು.

ಮೊಳ ಹಾಕುವ ಕೈ ಎಷ್ಟು ಹಟಮಾರಿ ಅನ್ನುವುದಕ್ಕೆ ಆಫ್ರಿಕಾದ ಗ್ರೇಟ್ ಜಿಂಬಾಬ್ವೆ ಸಾಕು. 11ರಿಂದ 15ನೇ ಶತಮಾನದ ನಡುವೆ ಕಟ್ಟಿದ ಕಲ್ಲಿನ ಊರು. ಒಂದು ಗೋಡೆ 11 ಮೀಟರ್ ಎತ್ತರ. ಗಾರೆ ಇಲ್ಲ. ಬಿಳಿಯರು ಬಂದು ನೋಡಿ, ಇದನ್ನು ಕರಿಯರು ಕಟ್ಟಿರಲು ಸಾಧ್ಯವೇ ಇಲ್ಲ ಅಂದರು. ಮೆಡಿಟರೇನಿಯನ್ ಕಡಲ ದಂಡೆಯ ಫಿನಿಷಿಯದವರು ಕಟ್ಟಿರಬೇಕು, ಬೈಬಲ್ಲಿನಲ್ಲಿ ಬರುವ ಶೀಬಾದ ರಾಣಿ ಕಟ್ಟಿಸಿರಬೇಕು ಅಂದರು. 1905ರಲ್ಲಿ ಒಬ್ಬ ಪುರಾತತ್ವಜ್ಞ ಇದು ಆಫ್ರಿಕದವರದ್ದೇ ಎಂದು ಹೇಳಿದ. ಒಪ್ಪಲಿಲ್ಲ. 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಎಂಬ ಮಹಿಳೆ ಅಗೆದು ಅದನ್ನೇ ಮತ್ತೆ ಸಾಬೀತು ಮಾಡಿದರು. ಆಮೇಲೂ ಅಲ್ಲಿನ ಬಿಳಿಯರ ಸರ್ಕಾರ ಸತ್ಯ ಹೇಳುವವರ ಮೇಲೆ ಒತ್ತಡ ಹಾಕುತ್ತಲೇ ಇತ್ತು. ಒಂದು ಜನ ಹಿಂದುಳಿದವರು ಎಂದು ಮೊದಲೇ ತೀರ್ಮಾನ ಆಗಿದ್ದರೆ, ಕಣ್ಣೆದುರಿನ ಗೋಡೆಯೂ ಕಾಣುವುದಿಲ್ಲ. 1980ರಲ್ಲಿ ಸ್ವತಂತ್ರವಾದ ದೇಶ ಆ ಗೋಡೆಗಳ ಹೆಸರನ್ನೇ ಇಟ್ಟುಕೊಂಡಿತು.

ಹೊರಗಿನವರನ್ನು ಬೈದು ಸುಮ್ನೆ ಕೂರುವುದು ಸುಲಭ. ನಮ್ಮ ಸರ್ಕಾರದ ಕಾಗದಗಳಲ್ಲೇ 1970ರ ದಶಕದಿಂದ ಕೆಲವು ಬುಡಕಟ್ಟುಗಳಿಗೆ 'ಆದಿಮ' ಎಂಬ ಹಣೆಪಟ್ಟಿ ಇತ್ತು. ಕರ್ನಾಟಕದಲ್ಲಿ ಇಬ್ಬರಿಗೆ, ಜೇನುಕುರುಬರಿಗೆ ಮತ್ತು ಕೊರಗರಿಗೆ. 2006ರಲ್ಲಿ ಆ ಪದ ತೆಗೆದು, ತೀರಾ ಅಪಾಯದ ಅಂಚಿನಲ್ಲಿರುವ ಬುಡಕಟ್ಟು ಎಂಬ ಅರ್ಥ ಬರುವ ಹೆಸರು ಇಟ್ಟರು. ಆದಿಮ ಎಂದು ಗುರುತಿಸಲು ಒಂದು ಅಳತೆ, ಅವರ ತಂತ್ರಜ್ಞಾನ ಬೇಸಾಯಕ್ಕೂ ಹಿಂದಿನದು ಅನ್ನುವುದು. ಜೇನುಕುರುಬರು ಆನೆಯ ಉಸಿರಾಟ ಕೇಳಿ ಅದರ ಮನಸ್ಸು ಹೇಳಬಲ್ಲವರು. ದಸರೆಯ ಮೆರವಣಿಗೆಯಲ್ಲಿ ಲಕ್ಷಾಂತರ ಜನರ ಗದ್ದಲದ ನಡುವೆ ಆನೆಯನ್ನು ಶಾಂತವಾಗಿ ನಡೆಸುವ ಮಾವುತ, ಕಾವಾಡಿಗಳಲ್ಲಿ ಎಷ್ಟೋ ಮಂದಿ ಅವರು. ಆ ತಿಳಿವಿಗೆ ಯಾವ ಮೆಟ್ಟಿಲು?

ಕೊರಗರ ವಿಷಯ ಇನ್ನೂ ಕಠಿಣ. ಕರಾವಳಿಯಲ್ಲಿ ಅಜಲು ಎಂಬ ಪದ್ಧತಿ ಇತ್ತು. ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಮನೆಯ ಪೀಡೆ ಅವರಿಗೆ ಹೋಗಲಿ ಅಂತ. ಕಂಬಳದ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುತ್ತಿದ್ದರು. ಇದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಕಂಪ್ಯೂಟರ್ ಬಂದಿತ್ತು, ಬೆಂಗಳೂರು ಐಟಿಗೆ ಹೆಸರಾಗಿತ್ತು. ಆದಿಮ ಎಂಬ ಪಟ್ಟಿ ಹಚ್ಚಿದ್ದು ತಿನ್ನಿಸಿದವರಿಗಲ್ಲ, ತಿನ್ನಬೇಕಾಗಿ ಬಂದವರಿಗೆ. ನನಗೆ ಈ ಮಾತು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ಆ ತಿನ್ನಿಸಿದವರ ಮನೆಗಳಲ್ಲಿ ಬುಟ್ಟಿ ಇರುತ್ತಿತ್ತು. ಹೆಣೆದವರು ಕೊರಗರು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು. 'ಹಾಗಾದರೆ ಎಲ್ಲವೂ ಒಂದೇನಾ ಸರ್? ಲಸಿಕೆ ಇರುವುದೂ ಇಲ್ಲದಿರುವುದೂ ಸಮಾನವೇ?' ಒಳ್ಳೆಯ ಪ್ರಶ್ನೆ. ಉತ್ತರವನ್ನೂ ಇಲ್ಲಿ ಬರೆಯುತ್ತೇನೆ.

ಖಂಡಿತ ಸಮಾನವಲ್ಲ. ಮಗು ಬದುಕುವುದು ಸಾಯುವುದಕ್ಕಿಂತ ಒಳ್ಳೆಯದು. ಅದರಲ್ಲಿ ಎರಡು ಮಾತಿಲ್ಲ. ಇಂಕಾಗಳನ್ನು ಕೊಂದ ಸಿಡುಬನ್ನೇ ತೆಗೆದುಕೊಳ್ಳೋಣ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ಹೋಯಿತು ಎಂದು ಸಾರಿತು. ಅದು ನಿಜವಾದ ಮುನ್ನಡೆ. ಆದರೆ ಆ ದಾರಿಯಲ್ಲಿ ಯಾರು ಯಾರು ನಡೆದರು ನೋಡಿ. 1721ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸಿಡುಬು ಬಂತು. ಅಲ್ಲಿ ಒನೆಸಿಮಸ್ ಎಂಬ ಗುಲಾಮನಿದ್ದ. ಆಫ್ರಿಕದವನು. ಕಾಟನ್ ಮ್ಯಾದರ್ ಎಂಬ ಪಾದ್ರಿ ಅವನ ಒಡೆಯನಾಗಿದ್ದ. ನಮ್ಮ ಕಡೆ ಸಿಡುಬಿನ ಕೀವನ್ನು ಚರ್ಮಕ್ಕೆ ಗೀರಿ ಹಾಕುತ್ತಾರೆ, ಹಾಕಿಸಿಕೊಂಡವರಿಗೆ ಮತ್ತೆ ಅದು ಬರುವುದಿಲ್ಲ ಎಂದು ಒನೆಸಿಮಸ್ ಮೊದಲೇ ಹೇಳಿದ್ದ. ವೈದ್ಯ ಬಾಯ್ಲ್‌ಸ್ಟನ್ ಅದನ್ನು 240ಕ್ಕೂ ಹೆಚ್ಚು ಮಂದಿಗೆ ಮಾಡಿದ. ಅವರಲ್ಲಿ ಆರು ಜನ ಸತ್ತರು. ಹಾಗೆ ಮಾಡಿಸಿಕೊಳ್ಳದೆ ಸಿಡುಬು ತಗುಲಿದವರಲ್ಲಿ ಏಳರಲ್ಲಿ ಒಬ್ಬರು ಸತ್ತರು. ಊರಿನವರಿಗೆ ಇದು ಆಫ್ರಿಕದವರ ಮೂಢತನ ಅನಿಸಿ, ಮ್ಯಾದರ್ ಮನೆಗೆ ಬಾಂಬು ಎಸೆದರು. ಅದು ಸಿಡಿಯಲಿಲ್ಲ.

ಒಂದೊಂದು ವಿಷಯವನ್ನು ಹಿಡಿದು ಇದು ಮೊದಲಿಗಿಂತ ಒಳ್ಳೆಯದಾಯಿತು ಎಂದು ಹೇಳಬಹುದು, ಹೇಳಲೇಬೇಕು. ಇಡೀ ಜನರನ್ನು ಹಿಡಿದು ಇವರು ಮೇಲೆ, ಅವರು ಕೆಳಗೆ ಅನ್ನುವುದು ಬೇರೆ. ನನ್ನನ್ನು ಕೇಳಿದರೆ, ಯಾವುದೇ ನಾಡಿನ ಮುಂದೆ ನಿಂತಾಗ ಮೊದಲು ಕೇಳಬೇಕಾದದ್ದು: ಇವರಿಗೆ ಎದುರಾದ ಕಷ್ಟ ಯಾವುದು? ಕೈಯಲ್ಲಿ ಏನಿತ್ತು? ಅದರಿಂದ ಏನು ಮಾಡಿಕೊಂಡರು? ಅದಕ್ಕೆ ಯಾರು ಬೆವರು ಸುರಿಸಿದರು, ಯಾರು ನೋವು ಉಂಡರು? ಏನಿರಲಿಲ್ಲ ಅನ್ನುವ ಪಟ್ಟಿ ಆಮೇಲೆ ಬರಲಿ.

ಕೊನೆಗೆ ಒಂದು ಸೇತುವೆ ತೋರಿಸಿ ಕೂರುತ್ತೇನೆ. ಪೆರುವಿನಲ್ಲಿ ಅಪುರಿಮಾಕ್ ನದಿಯ ಮೇಲೆ ಕೆಸ್ವಚಾಕಾ ಎಂಬ ತೂಗುಸೇತುವೆ ಇದೆ. ಸುಮಾರು 28 ಮೀಟರ್ ಉದ್ದ. ಪೂರ್ತಿ ಹುಲ್ಲಿನದು. ಹುಲ್ಲು ಕೊಳೆಯುತ್ತದೆ. ಅದಕ್ಕೆ ಪ್ರತಿ ವರ್ಷ ಜೂನ್‌ನಲ್ಲಿ ನಾಲ್ಕು ಊರಿನವರು ಸೇರಿ ಹೊಸದು ಕಟ್ಟುತ್ತಾರೆ. ಇಂಕಾಗಳ ಕಾಲದಿಂದ ನಡೆದುಬಂದ ಪದ್ಧತಿ. ಹೆಂಗಸರು ಹುಲ್ಲು ಹೊಸೆದು ತೆಳ್ಳನೆಯ ಹುರಿ ಮಾಡುತ್ತಾರೆ. ಪ್ರತಿ ಮನೆಯಿಂದ ಕೈ ಚಾಚಿ ಮಾರು ಹಾಕಿ ಅಳೆದ ಹುರಿ ಬರುತ್ತದೆ. ಗಂಡಸರು ಅವನ್ನು ಹೆಣೆದು ತೊಡೆಗಾತ್ರದ ಹಗ್ಗ ಮಾಡಿ, ಕಣಿವೆಯ ಎರಡೂ ಕಡೆಯಿಂದ ಎಳೆದು ಕಟ್ಟುತ್ತಾರೆ. ಹಳೆಯ ಸೇತುವೆಯನ್ನು ನದಿಗೆ ಬಿಡುತ್ತಾರೆ. ಅದು ಕೊಳೆತು ಹೋಗುತ್ತದೆ. ವಾಹನಗಳಿಗೆ ಪಕ್ಕದಲ್ಲೇ ಹೊಸ ಕಾಲದ ಸೇತುವೆ ಇದೆ. ಆದರೂ ಇದನ್ನು ಕಟ್ಟುತ್ತಾರೆ.

2020ರಲ್ಲಿ ಕೊರೊನಾ ಬಂದು ಜನ ಸೇರುವಂತಿರಲಿಲ್ಲ. ಕಟ್ಟಲಾಗಲಿಲ್ಲ. 2021ರ ಮಾರ್ಚ್‌ನಲ್ಲಿ ಹಳೆಯ ಹಗ್ಗ ಸೋತು ಸೇತುವೆ ಕಣಿವೆಗೆ ಬಿತ್ತು. ಜೂನ್‌ನಲ್ಲಿ ನಾಲ್ಕೂ ಊರಿನವರು ಬಂದರು. ಈ ಸಲ ದಾಟಿ ಹೋಗಿ ಹಗ್ಗ ಕೊಡಲು ಹಳೆಯ ಸೇತುವೆಯೂ ಇರಲಿಲ್ಲ. ಎರಡು ದಡಗಳಲ್ಲಿ ನಿಂತು, ಹುಲ್ಲು ಹೊಸೆದು, ಮತ್ತೆ ಕಟ್ಟಿದರು.